ಎಲೆ ಕಿತ್ತ ಗೋಡೆ

ಆ ಎಲೆಗಳ ರಾಶಿ ಕಂಡದ್ದು ಚಿಕ್ಕೋಡಿಯ ಸಹಕಾರಿ ಸಂಘದ ಹೊಸ ಕಚೇರಿಯ ಹಿಂದೆ, ಜನರೇಟರ್ ಪಕ್ಕದಲ್ಲಿ. ಯಾರೋ ಬೆಂಕಿ ಹಚ್ಚಿ ಹೋಗಿದ್ದರು. ಹಸಿ ಎಲೆ ಎಲ್ಲಿ ಉರಿಯುತ್ತದೆ? ಸುಮ್ಮನೆ ಹೊಗೆಯಾಡುತ್ತಿತ್ತು. ಕೈ ಹಾಕಿ ಒಂದನ್ನು ಎಳೆದೆ. ಮೇಲೆ ಗರಿ ಬರೆದಂಥ ತಿಳಿಹಸಿರು ಗೆರೆ, ಹಿಂದೆ ನೇರಳೆ ಬಣ್ಣ. ಕಲಾಥಿಯಾ. ನಾನು ಬೆಳೆಸಿದ್ದು. ಮರುದಿನ ಬೆಳಿಗ್ಗೆ ಆ ಕಚೇರಿಯ ಉದ್ಘಾಟನೆ ಇತ್ತು.

ಓಡಿ ಒಳಗೆ ಹೋದೆ. ಬಾಗಿಲು ದಾಟುತ್ತಲೇ ಎದುರಾಗುವ ದೊಡ್ಡ ಗೋಡೆ ನನ್ನದು. ಚೌಕಟ್ಟಿಗೆ ಬಟ್ಟೆಯ ಜೇಬುಗಳನ್ನು ಹೊಲಿದು, ತೆಂಗಿನ ನಾರಿನ ಪುಡಿ ತುಂಬಿ, ಹನಿ ನೀರಿನ ಪೈಪು ಎಳೆದು, ತಿಂಗಳುಗಟ್ಟಲೆ ಸಾಕಿದ ಗಿಡಗಳನ್ನು ಒಂದೊಂದಾಗಿ ಕೂಡಿಸಿದ್ದೆ. ಈಗ ಅಲ್ಲಿ ಬರೀ ಕಡ್ಡಿಗಳಿದ್ದವು. ಕೈಗೆ ಎಟುಕದ ಮೇಲಿನ ಸಾಲು ಮಾತ್ರ ಉಳಿದಿತ್ತು. ಕೆಳಗೆ ಇಬ್ಬರು ಹೆಣ್ಣುಮಕ್ಕಳು ಕಸ ಗುಡಿಸುತ್ತಿದ್ದರು. ಒಬ್ಬಾಕೆ ನನ್ನನ್ನು ನೋಡಿ ನಕ್ಕಳು.

"ಬಾ ತಂಗಿ. ರೋಗದ ಎಲಿ ಎಲ್ಲಾ ತಗದೇವ ನೋಡ. ಮ್ಯಾಲಿನ್ವು ಅಷ್ಟ ಉಳದಾವ, ಏಣಿ ತರಾಕ ಒಬ್ಬಾಂವ ಹೋಗ್ಯಾನ."

"ಯಾರ ಹೇಳಿದ್ರು ನಿಮಗ?"

"ಚೇರ್ಮನ್ ಸಾಹೇಬ್ರು. ನಾವು ಅವರ ಹೊಲದಾಗ ದುಡಿಯೂ ಮಂದಿ."

ಅವರಿಗೆ ಏನು ಅನ್ನಲಿ? ಅವರ ಕೈಗಳು ನನ್ನ ಅವ್ವನ ಕೈಯಂತೆಯೇ ಇದ್ದವು. ತಂಬಾಕಿನ ಕುಡಿ ಚಿವುಟಿ ಚಿವುಟಿ ಅಂಟು ಹತ್ತಿ, ಎಷ್ಟು ತಿಕ್ಕಿದರೂ ಬೆರಳಿನ ಗೆರೆಯಲ್ಲಿ ಉಳಿಯುವ ಕಪ್ಪು. ನನ್ನ ಕೈಗೂ ಆ ಕಪ್ಪು ಇತ್ತು. ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಒಮ್ಮೆ ನನ್ನ ಬೆರಳು ಹಿಡಿದು, "ಏನ ಬರಕೊಂಡ ಬಂದಿ?" ಎಂದು ಎಲ್ಲರೆದುರು ಕೇಳಿದ್ದರು. "ತಂಬಾಕಿನ ಅಂಟ ಐತ್ರಿ" ಅಂದಿದ್ದೆ. ಹಾಗೆ ಓದಿ ತೋಟಗಾರಿಕೆಯಲ್ಲಿ ಪದವಿ ತೆಗೆದುಕೊಂಡವಳು ನಾನು. ನಮ್ಮ ಮನೆತನದಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ನಿಪ್ಪಾಣಿ ಸೀಮೆಯಲ್ಲಿ ತಂಬಾಕು ಬೆಳೆದವರಿಗೆ ಒಂದು ಕಣ್ಣು ಇರುತ್ತದೆ. ಎಲೆಯಲ್ಲಿ ಹಳದಿ-ಹಸಿರು ತೇಪೆ ಕಂಡರೆ ಅದು ರೋಗ. ಮುಟ್ಟಿದ ಕೈಯಿಂದ ಇನ್ನೊಂದು ಗಿಡಕ್ಕೆ ಹೋಗುತ್ತದೆ. ಕಿತ್ತು ದೂರ ಒಯ್ದು ಸುಡಬೇಕು, ಕೈ ತೊಳೆಯಬೇಕು. ಅದು ಸರಿಯಾದ ತಿಳಿವಳಿಕೆಯೇ, ತಂಬಾಕಿನ ಹೊಲದಲ್ಲಿ. ಆದರೆ ಕಲಾಥಿಯಾ, ಮರಾಂಟಾ, ಅಗ್ಲೋನಿಮಾ ಇವೆಲ್ಲ ದೂರದ ಮಳೆಕಾಡಿನ ಗಿಡಗಳು. ದೊಡ್ಡ ಮರಗಳ ಕೆಳಗಿನ ನೆರಳೇ ಇವುಗಳ ಮನೆ. ಹುಟ್ಟುವಾಗಲೇ ಚಿತ್ತಾರ ಹೊತ್ತು ಬರುತ್ತವೆ. ಕಚೇರಿಯ ಮಂದ ಬೆಳಕಿನಲ್ಲಿ ಬದುಕುವುದೂ ಆ ನೆರಳಿನ ಅಭ್ಯಾಸದಿಂದಲೇ.

ಕೊಗನೊಳ್ಳಿ ಹತ್ತಿರ ನಮಗಿರುವ ಚೂರು ಹೊಲದ ಮೂಲೆಗೆ ನೆರಳು ಬಲೆ ಕಟ್ಟಿ ಮೊದಲ ಗಿಡ ತಂದಾಗ ಅವ್ವನೂ ಮುಖ ಸಿಂಡರಿಸಿದ್ದಳು. ಸೀರೆಯ ಸೆರಗು ಹಿಂದಕ್ಕೆ ಎಳೆದುಕೊಂಡು, ಸೋಕದಂತೆ ದೂರ ನಿಂತು, "ಇದಕ್ಕ ರೋಗ ಬಂದೈತೇನ?" ಅಂದಳು. ಇಲ್ಲ ಎಂದೆ. "ಮತ್ತ ಹಿಂಗ್ಯಾಕ ಐತಿ?" ಅಂದಳು. ಹೇಳಿದೆ. ಆಮೇಲೆ ಅವಳೇ ಸಂಜೆ ಎಲೆಗಳು ಮೇಲೆದ್ದು ನಿಲ್ಲುವುದನ್ನು ನೋಡಲು ಅಕ್ಕಪಕ್ಕದವರನ್ನು ಕರೆಯುತ್ತಿದ್ದಳು.

ಅವ್ವ ಕೇಳಿದಳು. ಈ ಚೇರ್ಮನ್ ಕೇಳಲಿಲ್ಲ. ನನ್ನ ಸಿಟ್ಟು ಇಷ್ಟೇ, ಇದಕ್ಕಿಂತ ದೊಡ್ಡದೇನೂ ಇಲ್ಲ. ಅವರ ಫೋನಿನಲ್ಲಿ ನನ್ನ ನಂಬರು ಇತ್ತು. ನಲ್ಲಿ ಎಲ್ಲಿ ಕೂಡಿಸಬೇಕು ಎಂದು ಪ್ಲಂಬರನಿಗೆ ನಾಲ್ಕು ಸಲ ಫೋನು ಮಾಡಿದವರು ಅವರು.

ಏಣಿ ಬಂತು, ಅದರ ಹಿಂದೆಯೇ ಚೇರ್ಮನ್ನರೂ ಕಚೇರಿಯ ಮ್ಯಾನೇಜರೂ ಬಂದರು.

"ಸಾಹೇಬ್ರ, ಯಾಕ ಹಿಂಗ ಮಾಡಿಸಿದ್ರಿ?"

"ಏನವ್ವಾ, ನಿನಗ ಮಂದಿ ಮೋಸ ಮಾಡ್ಯಾರ. ಒಂದ ಎಲಿನೂ ನೆಟ್ಟಗಿಲ್ಲ, ಎಲ್ಲಾ ಚುಕ್ಕಿ. ನಾಳೆ ದೊಡ್ಡ ದೊಡ್ಡ ಮಂದಿ ಬರಾಕತ್ತಾರ, ರೋಗದ ಗಿಡ ತೋರಸಾಕ ಆಕ್ಕೈತೇನ?"

"ಅದು ರೋಗ ಅಲ್ರಿ. ಆ ಚುಕ್ಕಿ ಸಲುವಾಗೇ ಆ ಗಿಡ ಹಚ್ಚಿದ್ದು."

"ನಾ ತಂಬಾಕಿನಾಗ ಹುಟ್ಟಿದಂವ. ಎಲಿ ನೋಡೂದ ನನಗ ಕಲಸಬ್ಯಾಡ."

"ನಾನೂ ತಂಬಾಕಿನಾಗ ಹುಟ್ಟೇನ್ರಿ. ಅದರ ಮ್ಯಾಲ ಓದೇನಿ."

ಅವರು ನಕ್ಕು ಮ್ಯಾನೇಜರ್ ಕಡೆ ತಿರುಗಿದರು. "ನೋಡ್ರಿ, ಸಾಲಿ ಕಲತ್ರ ಹಿಂಗ ಆಕ್ಕೈತಿ. ಕೊಲ್ಲಾಪುರಕ್ಕ ಗಾಡಿ ಕಳಸ್ರಿ, ಪ್ಲಾಸ್ಟಿಕ್ಕಿನ ಎಲಿ ಸಿಗ್ತಾವ. ಇದನ್ನೆಲ್ಲಾ ತಗದ ಒಗೀರಿ."

ನಾನು ಏಣಿಯ ಮೊದಲ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಇದು ನನ್ನ ಮೊದಲ ಗೋಡೆ. ಇದನ್ನು ಕಿತ್ತರೆ, ರೋಗದ ಗಿಡ ತಂದ ಹುಡುಗಿ ಎಂಬ ಮಾತು ರಾಯಬಾಗ, ಅಥಣಿ, ಕಾಗವಾಡದವರೆಗೆ ಹೋಗುತ್ತದೆ. ಆಮೇಲೆ ಯಾವ ಕಚೇರಿಯ ಬಾಗಿಲಿಗೂ ನಾನು ಹೋಗುವಂತಿಲ್ಲ.

"ಪ್ಲಾಸ್ಟಿಕ್ ತರ್ರಿ, ಮುಂದ ಪಡದಾ ಕಟ್ಟಿದಂಗ ಕಟ್ರಿ. ಬೇರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ಒಂದ ತಿಂಗಳ ಬಿಡ್ರಿ ನನಗ. ಹೊಸಾ ಎಲಿ ಬರಲಿಲ್ಲಂದ್ರ ನಾನ ಕಿತ್ತ ಒಯ್ತೇನಿ."

ಮ್ಯಾನೇಜರ್ ನನ್ನ ಮುಖ ನೋಡಿ, "ಇರಲಿ ಬಿಡ್ರಿ ಸಾಹೇಬ್ರ, ಹೆಂಗೂ ಹಿಂದ ಕಾಣಂಗಿಲ್ಲ" ಎಂದರು. ಅಷ್ಟಕ್ಕೆ ಉಳಿಯಿತು.

ಉದ್ಘಾಟನೆಯ ದಿನ ಬಂದವರೆಲ್ಲ ಆ ಪ್ಲಾಸ್ಟಿಕ್ ಎಲೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. "ಏನ ಹಸರ ಐತ್ರಿ!" ಎಂದರು. ನನಗೆ ಪೇಡೆ ಕೊಟ್ಟರು. ತಿನ್ನಲಿಲ್ಲ.

ಆಮೇಲೆ ದಿನಾ ಊರಿನಿಂದ ನಿಪ್ಪಾಣಿಗೆ ಬಂದು ಚಿಕ್ಕೋಡಿ ಬಸ್ಸು ಹತ್ತಿದೆ. ಪ್ಲಾಸ್ಟಿಕ್ಕಿನ ಹಿಂದೆ ಕೈ ತೂರಿಸಿ ಪ್ರತಿ ಜೇಬನ್ನೂ ಒತ್ತಿ ನೋಡುತ್ತಿದ್ದೆ. ಎಲೆ ಇಲ್ಲದ ಗಿಡ ನೀರು ಕುಡಿಯುವುದು ಕಡಿಮೆ. ಹೆಚ್ಚು ಕೊಟ್ಟರೆ ಗಡ್ಡೆ ಕೊಳೆಯುತ್ತದೆ. ಆದರೆ ಅಲ್ಲಿಯ ಕಾವಲುಗಾರನ ಮನೆಯವರು ಕಬ್ಬು ಬೆಳೆಯುವವರು. ಗಿಡ ಅಂದರೆ ನೀರು ನಿಲ್ಲಬೇಕು ಎಂಬುದು ಅವನ ಲೆಕ್ಕ. ಕನಿಕರದಿಂದ ನಲ್ಲಿ ತಿರುವಿ ಬಿಡುತ್ತಿದ್ದ. ಕೊನೆಗೆ ನಲ್ಲಿಯ ಹಿಡಿಕೆಯನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯತೊಡಗಿದೆ. "ಅಕ್ಕಾರ, ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ?" ಎಂದ. "ಇಲ್ಲ" ಎಂದೆ. ಆ ದಿನಗಳಲ್ಲಿ ನಾನು ಯಾರ ಜೊತೆಗೂ ಮೆತ್ತಗೆ ಮಾತಾಡಿದ ನೆನಪಿಲ್ಲ.

ಮಳೆಗಾಲದ ತೇವ ನನ್ನ ಕಡೆಗಿತ್ತು. ಮೊದಲು ಒಂದು ಜೇಬಿನಲ್ಲಿ ಸುರುಳಿ ಸುತ್ತಿದ ಎಲೆ ಎದ್ದಿತು, ಬೀಡಿಯಷ್ಟು ಸಣ್ಣದು. ಬಿಚ್ಚಿಕೊಂಡಾಗ ಗೆರೆಗಳು ಒದ್ದೆ ಬಣ್ಣದಂತೆ ಹೊಳೆದವು. ತಿಂಗಳು ತುಂಬುವ ಹೊತ್ತಿಗೆ ಗೋಡೆ ಪ್ಲಾಸ್ಟಿಕ್ಕನ್ನು ಹಿಂದಿನಿಂದ ತಳ್ಳುತ್ತಿತ್ತು. ಮ್ಯಾನೇಜರ್ ಅದನ್ನು ಬಿಚ್ಚಿಸಿದರು.

ಮರುವಾರ ನಾನು ಹೋದಾಗ ಚೇರ್ಮನ್ನರು ಅತಿಥಿಯೊಬ್ಬರನ್ನು ಗೋಡೆಯ ಮುಂದೆ ನಿಲ್ಲಿಸಿಕೊಂಡಿದ್ದರು. ಸದಲಗಾದ ಕಡೆ ಹಾಲಿನ ಡೇರಿ ನಡೆಸುವ ಹಿರಿಯರು.

"ಒಮ್ಮೆ ಪೂರಾ ಚಿವುಟಿಸಿದ್ನಿ ನೋಡ್ರಿ, ಅದಕ್ಕ ಹಿಂಗ ಜೋರ ಬಂದಾವ. ತಂಬಾಕಿನ ಕೈ ಇದು."

ನಾನು ಅವರಿಬ್ಬರ ನಡುವೆ ಹೋಗಿ ನಿಂತೆ.

"ಚಿವುಟಿದ್ದಕ್ಕ ಬಂದಿಲ್ರಿ ಸಾಹೇಬ್ರ. ನೀವು ರೋಗ ಅಂತ ಕೀಳಿಸಿ ಸುಡಿಸಿದ್ರಿ. ನಾ ದಿನಾ ಬಂದ ಉಳಿಸೇನಿ."

ಮ್ಯಾನೇಜರ್ ಕೆಮ್ಮಿದರು. ಚೇರ್ಮನ್ನರು ನಕ್ಕರು. "ಸಿಟ್ಟಿನ ಹುಡಿಗಿ ಐತ್ರಿ. ಆದ್ರ ಕೆಲಸಾ ಚಲೋ ಮಾಡ್ತಾಳ."

ಆ ಹಿರಿಯರು ನಗಲಿಲ್ಲ. ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಎಲೆ ಮುಟ್ಟದೆ ಬಾಗಿ ನೋಡಿದರು.

"ಹಂಗಾರ ಇದು ರೋಗ ಅಲ್ಲೇನವ್ವಾ? ಮತ್ತ ಯಾಕ ಹಿಂಗ ಇರ್ತಾವ?"

ಕೇಳಿದರು. ನಾನು ಚೀಲ ಕೆಳಗಿಟ್ಟು, ಒಂದು ಎಲೆಯನ್ನು ಮೆಲ್ಲಗೆ ತಿರುವಿ ಅದರ ನೇರಳೆ ಬೆನ್ನು ತೋರಿಸುತ್ತ ಮೊದಲಿನಿಂದ ಹೇಳತೊಡಗಿದೆ. ಅವರ ಡೇರಿಯ ಕಚೇರಿಯಲ್ಲಿ ಈಗ ನನ್ನ ಎರಡನೆಯ ಗೋಡೆ ಇದೆ. ಅವತ್ತು ನಾನು ಹೇಳುವಷ್ಟು ಹೊತ್ತೂ ಚೇರ್ಮನ್ನರು ಪಕ್ಕದಲ್ಲೇ ನಿಂತು ಫೋನು ನೋಡುತ್ತಿದ್ದರು.