ನೀಲವ್ವತ್ತೆಯ ಬೆಳಕಿಂಡಿ

ಹೊತ್ತೆಷ್ಟಾಯಿತೆಂದು ಕೇಳಿದರೆ ನಮ್ಮ ನೀಲವ್ವತ್ತೆ ಗಡಿಯಾರ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಇರಕಲ್ಲಗಡದ ನಮ್ಮ ಮನೆ ನಿಜಾಮನ ಕಾಲದಲ್ಲಿ ಮುತ್ತಜ್ಜ ಕಟ್ಟಿಸಿದ್ದು. ಆಳು ಮಲಗುವಷ್ಟು ದಪ್ಪ ಗೋಡೆ, ಸಾಗವಾನಿ ಕಂಬ, ತೊಲೆಗಳ ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಎಂಬುದೇ ಇಲ್ಲ. ಪಡಸಾಲೆಯ ನಟ್ಟನಡುವೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಅಲ್ಲಿಂದ ಇಳಿದ ಬಿಸಿಲಿನ ತುಂಡು ಸಾರಿಸಿದ ನೆಲದ ಮೇಲೆ ದಿನವಿಡೀ ಮೆಲ್ಲಗೆ ನಡೆಯುತ್ತಿತ್ತು.

"ಕಂಬದ ಬುಡಕ್ಕ ಬಂತು, ರೊಟ್ಟಿ ಹೊತ್ತಾತು ಏಳ್ರಿ," ಎನ್ನುತ್ತಿದ್ದಳು ಅತ್ತೆ.

ಒಲೆಯ ಹೊಗೆ ಸೇರಿದರೆ ಆ ಬೆಳಕು ನೀಲಿಯಾಗುತ್ತಿತ್ತು. ಚಿಕ್ಕವಳಾದ ನಾನು ಅದರೊಳಗೆ ಕೂತು ಬೊಗಸೆ ಒಡ್ಡುತ್ತಿದ್ದೆ.

"ಎಲ್ಲಾ ಬಾಚ್ಕೋಬ್ಯಾಡವಾ, ನಿಮ್ಮ ಕಾಕಾಗೂ ಒಂದೀಟು ಇಡು."

ಅತ್ತೆಯ ತಮಾಷೆಯ ಮಾತು ನಿಜವಾಯಿತು. ಹೊಲದ ಬದುವಿನ ಜಗಳದಲ್ಲಿ ಅಪ್ಪನಿಗೂ ಕಾಕಾನಿಗೂ ಮಾತು ನಿಂತು, ಮನೆ ಪಾಲಾಯಿತು. ನಡುಗೋಡೆ ಸರಿಯಾಗಿ ಕಿಂಡಿಯ ಕೆಳಗೇ ಏಳಬೇಕಿತ್ತು. ಅತ್ತೆ ಇಬ್ಬರಿಗೂ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಗೋಡೆ ತನ್ನ ತಲೆಯೆತ್ತರಕ್ಕೆ ಬಂದದ್ದೇ ತಡ, ಗೌಂಡಿಯ ಕೈಯಿಂದ ಮಣ್ಣು ಮೆತ್ತುವ ಕರಣಿ ಕಿತ್ತುಕೊಂಡಳು.

"ಸಾಕು ನಿಲ್ಸಪಾ. ಇವ್ರು ಮಾತು ಬಿಟ್ರ ಬಿಡ್ಲಿ, ಬೆಳಕೇನ್ ತಪ್ಪು ಮಾಡೈತಿ?"

ತಮ್ಮಂದಿರಿಬ್ಬರೂ ಗದರಿದರು. ಅದೇನು ಹಟವೋ ತಾಯಿ! ಕರಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೇಬಿಟ್ಟಳು. ಗೋಡೆ ಅಲ್ಲಿಗೇ ನಿಂತಿತು. ಮುಂಜಾನೆಯ ಬಿಸಿಲು ಕಾಕಾನ ಕಡೆ, ಮಧ್ಯಾಹ್ನದ ಮೇಲೆ ನಮ್ಮ ಕಡೆ. ಅವರ ಒಗ್ಗರಣೆಯ ಘಾಟಿಗೆ ನಾವು ಸೀನುತ್ತಿದ್ದೆವು. ಮಾತು ಮಾತ್ರ ದಾಟುತ್ತಿರಲಿಲ್ಲ. ಮಳೆ ಬಂದರೆ ಎರಡೂ ಕಡೆಯಿಂದ ಒಂದೇ ಕೂಗು: "ಅಕ್ಕಾ, ಕಿಂಡಿ!" ಅವಳು ಮಾಳಿಗೆ ಹತ್ತಿ, ಕಿಂಡಿಗೆ ಹಾಸುಗಲ್ಲು ಎಳೆದು ಬರುತ್ತಿದ್ದಳು.

"ನನ್ನ ಪಾಲು ಮ್ಯಾಲೈತಿ ನೋಡು," ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದಳು.

ಈ ಬೇಸಿಗೆಯಲ್ಲಿ ಅತ್ತೆ ತೀರಿಹೋದಳು. ತವರಿಗೆ ಬಂದ ನಾನು ಅವಳ ಜಾಗದಲ್ಲಿ, ಕಂಬಕ್ಕೊರಗಿ ಕೂತಿದ್ದಾಗ ಮುಂಗಾರಿನ ಮೊದಲ ಮಳೆ ಬಂತು.

"ಅಕ್ಕಾ, ಕಿಂಡಿ!"

ರೂಢಿಯಂತೆ ಎರಡೂ ಕಡೆಯಿಂದ ಕೂಗಿದರು. ನನಗೆ ಅಳು ತಡೆಯಲಾಗಲಿಲ್ಲ. ಹನಿ ಬಿದ್ದು ಗೋಡೆಯ ನೆತ್ತಿಯ ಮಣ್ಣು ಕರಗಿ, ಎರಡೂ ಮಗ್ಗುಲಿಗೆ ಇಳಿಯತೊಡಗಿತು. ಅಪ್ಪ ನಮ್ಮ ಏಣಿ ಹತ್ತಿದ, ಕಾಕಾ ತನ್ನ ಏಣಿ ಹತ್ತಿದ. ಕೆಳಗಿನಿಂದ ಕಿಂಡಿಯಲ್ಲಿ ನನಗೆ ಎರಡು ತಲೆ ಕಂಡವು. ಒಬ್ಬರಾದ ಮೇಲೊಬ್ಬರು ಎಳೆದರೂ ಕಲ್ಲು ಜಗ್ಗಲಿಲ್ಲ. ಅತ್ತೆ ಒಬ್ಬಳೇ ಹೇಗೆ ಎಳೆಯುತ್ತಿದ್ದಳೋ, ಶಿವನೇ ಬಲ್ಲ.

ಆಮೇಲೆ ಅಪ್ಪನ ದನಿ ಕೇಳಿತು:

"ತಮ್ಮಾ, ಅತ್ಲಾಗ ಹಿಡಿಯೋ."