ಕಾಕು ಮನೆಗೆ ಬಂದ ಪತಂಗದ ಹೆಸರು

ಮೊದಲೇ ಹೇಳಿಬಿಡುತ್ತೇನೆ: ಅದು ಮಂಗಳವಾರವೋ ಬುಧವಾರವೋ ನೆನಪಿಲ್ಲ. ನಾನು ಕತೆ ಹೇಳಿದಾಗಲೆಲ್ಲ ಪತಂಗ ಒಂದೊಂದು ಬೆರಳು ಅಗಲವಾಗುತ್ತಿದೆ ಎಂದು ಮನೆಯವರ ದೂರೂ ಇದೆ. ಆದರೆ ಖಾನಾಪುರದ ನಮ್ಮ ಕಾಕು (ಅಪ್ಪನ ತಮ್ಮನ ಹೆಂಡತಿ) ಮನೆಯ ಪಡಸಾಲೆಯಲ್ಲಿ, ಸ್ವಿಚ್‌ಬೋರ್ಡಿನ ಮೇಲೆ ಅದು ಕೂತಿದ್ದಂತೂ ನಿಜ. ಊಟದ ತಟ್ಟೆಯಷ್ಟು ದೊಡ್ಡದು. ಇಟ್ಟಿಗೆ ಬಣ್ಣ. ರೆಕ್ಕೆಗೆ ನಾಲ್ಕು ಗಾಜಿನ ಕಿಟಕಿ, ತುದಿಯಲ್ಲಿ ಹಾವಿನ ತಲೆ!

ನಮ್ಮದು ಜೈನರ ಮನೆ. ಹುಳಕ್ಕೆ ತೊಂದರೆ ಕೊಡುವಂತಿಲ್ಲ. ಬೆಳಿಗ್ಗೆಯಿಂದ ಕಾಕು ಫ್ಯಾನೇ ಹಾಕಿರಲಿಲ್ಲ. ನಾನು ಬೆವರುತ್ತಲೇ ಪಕ್ಕದಲ್ಲಿ ಲಟ್ಟಣಿಗೆ ಹಿಡಿದು (ಅಳತೆ ಗೊತ್ತಾಗಬೇಕಲ್ಲ!) ಫೋಟೊ ತೆಗೆದೆ. ಇದು ಹೊಸ ಜಾತಿಯೇ ಎಂದು ತೀರ್ಮಾನಿಸಿಬಿಟ್ಟೆ. ನಾನು ಓದಿದ್ದು ಇತಿಹಾಸ. ಆದರೆ ಉತ್ಸಾಹಕ್ಕೆ ಸರ್ಟಿಫಿಕೇಟ್ ಬೇಕೇ?

ಇದಕ್ಕೆ ನಿಮ್ಮ ಹೆಸರನ್ನೇ ಇಡಿಸುತ್ತೇನೆ, ಸುಮಂಗಲಾ ಪತಂಗ ಎಂದು, ಅಂದೆ. ಕಾಕು ತಲೆಯಲ್ಲಾಡಿಸಿದರು.

"ಅದು ನಿಮ್ಮ ಮನಿಯವರು ಇಟ್ಟ ಹೆಸರು. ನಂದು ಬ್ಯಾರೇನ ಇತ್ತು."

ಹೌದಲ್ಲ! ನಮ್ಮಲ್ಲಿ ಮದುವೆಯ ದಿನ ವರ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ವಧುವಿನ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಹಳೆಯದು ಮಾಯ. ಕಾಕುವಿಗೂ ಒಂದು ಹಳೆಯದಿರಬಹುದು ಎಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಯಾವುದು ಎಂದೆ.

"ಮೊದಲ ಹುಳಾ ಹೊಸಾದು ಅಂತ ಖಾತ್ರಿ ಆಗಲಿ ತಂಗಿ. ಆಮ್ಯಾಲೆ ಹೇಳತೀನಿ."

ಈಗ ಆ ಹುಳ ಹೊಸದಾಗಲೇಬೇಕಿತ್ತು!

ಬೆಳಗಾವಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳತಿಗೆ ಫೋಟೊ ಕಳಿಸಿದೆ. ಅವಳು ಫೋನ್ ಮಾಡಿ ಮೊದಲು ಲಟ್ಟಣಿಗೆ ನೋಡಿ ನಕ್ಕಳು. ಆಮೇಲೆ ಸ್ಪೀಕರಿನಲ್ಲಿ ಇಬ್ಬರಿಗೂ ಪಾಠ. ಇದು ಅಟ್ಲಾಸ್ ಪತಂಗದ ಬಳಗ. ಸ್ವೀಡನ್ನಿನ ಪಂಡಿತರೊಬ್ಬರು ಆಕಾಶ ಹೊತ್ತ ಗ್ರೀಕ್ ದೈತ್ಯನ ಹೆಸರಿಟ್ಟು, ಅಟ್ಲಾಸನ್ನು ಜಗತ್ತಿನ ಬಹುತೇಕ ಪತಂಗಗಳಿದ್ದ ಒಂದೇ ದೊಡ್ಡ ಕುಲಕ್ಕೆ ಸೇರಿಸಿದ್ದರು. ಆ ಅವಿಭಕ್ತ ಕುಟುಂಬ ಮುಂದೆ ಪಾಲಾಯಿತು. ಅಟ್ಲಾಸ್ ಬೇರೆ ಕುಲಕ್ಕೆ ಹೋಯಿತು, ಅಟ್ಲಾಸ್ ಆಗಿಯೇ ಉಳಿಯಿತು. ನಮ್ಮ ದಕ್ಷಿಣದ್ದಕ್ಕೆ ಇನ್ನೊಬ್ಬರು ಶ್ರೀಲಂಕೆಯ ಪುರಾತನ ಹೆಸರಿಟ್ಟರು. ನಡುವೆ ಕೆಲವರು ಇದು ಬರೀ ಉಪಜಾತಿ ಎಂದರು. ಈಗ ಮತ್ತೆ ಸ್ವತಂತ್ರ ಜಾತಿ. ಇಷ್ಟೆಲ್ಲ ಓಡಾಟದಲ್ಲೂ ಮೊದಲಿಟ್ಟ ಹೆಸರು ಮಾತ್ರ ಜೊತೆಗೇ ಬಂದಿದೆ.

(ದೊಡ್ಡದಾದ ಮೇಲೆ ಇದಕ್ಕೆ ತಿನ್ನುವ ಬಾಯೇ ಇಲ್ಲವಂತೆ. ಜೀವ ಹೋಗುವತನಕ ಉಪವಾಸ. ನಮ್ಮ ಪರ್ವದ ಉಪವಾಸಕ್ಕಿಂತ ಇದರದೇ ಕಟ್ಟುನಿಟ್ಟು ಎಂದು ಕಾಕು ಕೈ ಮುಗಿದೇಬಿಟ್ಟರು.)

ಆಮೇಲೆ ಫೋನಿನ ಹತ್ತಿರ ಸರಿದು ಕೇಳಿದರು.

"ಅಂದ್ರ, ಮನಿ ಬದಲಾದ್ರೂ ಇದರ ಮೊದಲಿನ ಹೆಸರು ಹೋಗಂಗಿಲ್ಲಾ?"

"ಹೋಗಂಗಿಲ್ರೀ. ಹಂಗ ಅಳಿಸಾಕ ಬರಂಗಿಲ್ಲ, ನಿಯಮ ಐತಿ," ಎಂದಳು ಗೆಳತಿ.

ಕಾಕು ಪತಂಗವನ್ನೇ ನೋಡುತ್ತ ನಿಂತರು. "ಚಲೋ ಐತಿ ಬಿಡು ಇದರ ಬಾಳೇವು," ಎಂದು ಚಹಾ ಇಡಲು ಒಳಗೆ ಹೋದರು.

ಹುಳ ಹೊಸದಲ್ಲ. ಕರಾರಿನ ಪ್ರಕಾರ ನಾನು ಸೋತೆ. ಆದರೂ ಬೆಳಗಾವಿಯ ಮಹಾಂತೇಶ ನಗರದ ಮನೆಗೆ ವಾಪಸ್ ಬಂದವಳು ದಿನಾ ಫೋನ್ ಮಾಡಿ ಆ ಹಳೆಯ ಹೆಸರನ್ನೇ ಕೇಳುತ್ತೇನೆ, ಅವರು ದಿನಾ ಊಟ ಆಯ್ತಾ ಎಂದು ಮಾತು ಹೊರಳಿಸುತ್ತಾರೆ. ಈ ಅಂಕಣವನ್ನು ಅವರು ತಪ್ಪದೆ ಓದುತ್ತಾರೆ, ಆದ್ದರಿಂದ ಇಲ್ಲೇ ಕೇಳುತ್ತಿದ್ದೇನೆ: ಕಾಕು, ನಿಮ್ಮ ಅವ್ವ ನಿಮ್ಮನ್ನ ಏನಂತ ಕರೀತಿದ್ರು?