ನೀರು ನಿಂತಾವ ಅಂದರು

ನಿಮಗೂ ಹೀಗಾಗಿದೆಯೇನು, ಅಕ್ಕತಂಗಿಯರೇ? ನಲವತ್ತು ದಾಟಿದ ಮೇಲೆ ಮುಟ್ಟು ಎರಡು ಮೂರು ತಿಂಗಳು ನಿಂತು, ಆಮೇಲೆ ಕೆರೆಯ ಒಡ್ಡು ಒಡೆದ ಹಾಗೆ ರಕ್ತ ಹೋಗಲು ಹತ್ತಿ, ನಿಲ್ಲದೇ ಇದ್ದದ್ದು? ಆಗಿದ್ದರೆ ಯಾರಿಗೆ ಹೇಳಿದಿರಿ? ಯಾರಿಗೂ ಹೇಳಿರಲಿಕ್ಕಿಲ್ಲ. ನಾನೂ ಹೇಳಿರಲಿಲ್ಲ. ಇಂಥದ್ದನ್ನು ಪತ್ರಿಕೆಯಲ್ಲಿ ಬರೆಯುತ್ತಾಳಲ್ಲ, ಇವಳಿಗೆ ನಾಚಿಕೆಯಿಲ್ಲವೇ ಎನ್ನುವವರು ಪುಟ ತಿರುವಿರಿ, ಮುಂದೆ ಉಪ್ಪಿನಕಾಯಿ ಹಾಕುವ ಬಗೆ ಇರುತ್ತದೆ. ನಾಚಿಕೊಳ್ಳಲಿಕ್ಕೂ ಮೈಯಲ್ಲಿ ಶಕ್ತಿ ಬೇಕು. ನನ್ನಲ್ಲಿ ಅದು ಈಗ ಕಡಿಮೆ.

ನನಗೆ ನಲವತ್ತನಾಲ್ಕು ವರ್ಷ. ಮದುವೆಯಾಗಿ ಇಪ್ಪತ್ತೆಂಟು. ಮಕ್ಕಳಿಲ್ಲ. ಮನೆ ಉಣಕಲ್‌ನಲ್ಲಿ. ಅತ್ತೆ, ಇವರು, ನಾನು, ಮೂರೇ ಜನ. ಇವರದು ಹುಬ್ಬಳ್ಳಿಯಲ್ಲಿ ಹೊಲಿಗೆ ಅಂಗಡಿ. ಯುದ್ಧ ಶುರುವಾದ ಮೇಲೆ ಅಂಗಡಿಯ ತುಂಬ ಸಿಪಾಯಿಗಳ ಖಾಕಿ ಬಟ್ಟೆಯೇ.

ನಮ್ಮ ಕಡೆ ಹೆಂಗಸು ಬಸುರಾದರೆ ‘ನೀರು ನಿಂತಾವ’ ಅನ್ನುತ್ತಾರೆ. ವಯಸ್ಸಾಗಿ ಮುಟ್ಟು ನಿಂತರೂ ಅದೇ ಮಾತು. ಯಾವ ಅರ್ಥ ಹಿಡಿಯಬೇಕು ಎಂಬುದು ಹೆಂಗಸಿನ ವಯಸ್ಸು ನೋಡಿದರೆ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ವಯಸ್ಸು ನೋಡಲಿಲ್ಲ. ನಾನೂ ನೋಡಲಿಲ್ಲ.

ನಾನು ಎರಡು ತಿಂಗಳಿಂದ ಹೊರಗೆ ಕೂತಿಲ್ಲವೆಂಬುದನ್ನು ಮೊದಲು ಗಮನಿಸಿದವರು ಅತ್ತೆ. ಮುಟ್ಟಾದ ನಾಲ್ಕು ದಿನ ಹಿತ್ತಲ ಬಾಗಿಲ ಬಳಿ ಗೋಣಿಚೀಲದ ಮೇಲೆ ಕೂಡುವವಳು ಮನೆಯಲ್ಲಿ ನಾನೊಬ್ಬಳೇ, ಆದ್ದರಿಂದ ಇಂಥದು ಮುಚ್ಚಿಡಲು ಬರುವುದಿಲ್ಲ. ಅತ್ತೆ ಸೂಲಗಿತ್ತಿ ಹುಸೇನಬಿಯನ್ನು ಕರೆಸಿದರು. ಆಕೆ ನನ್ನ ಕಿಬ್ಬೊಟ್ಟೆ ಒತ್ತಿ ನೋಡಿದಳು.

“ಗಟ್ಟಿ ಹತ್ತತೈತಿ ನೋಡ್ರಿ ಕೈಗೆ. ನೀರು ನಿಂತಾವ,” ಅಂದಳು.

ಅತ್ತೆ ಅಲ್ಲೇ ಕುಸಿದು ಕೂತು ಅತ್ತುಬಿಟ್ಟರು. ಮರುದಿನದಿಂದ ನೀರಿನ ಕೊಡ ನನ್ನ ಸೊಂಟಕ್ಕೆ ಏರಲಿಲ್ಲ. ಇಪ್ಪತ್ತೆಂಟು ವರ್ಷ ನನಗಿಂತ ಮೊದಲು ಉಂಡವರು ಮೊದಲ ಬಿಸಿ ರೊಟ್ಟಿ ನನಗೆ ಹಾಕಿದರು. “ತಿನ್ನವಾ, ನೀ ಒಬ್ಬಾಕಿ ಅಲ್ಲ ಈಗ,” ಅನ್ನುತ್ತಿದ್ದರು. ಇವರು ಅಂಗಡಿಯಿಂದ ಬೇಗ ಬರತೊಡಗಿದರು. ನಾನು ಒಬ್ಬಳೇ ಇದ್ದಾಗ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಾತಾಡುತ್ತಿದ್ದೆ. ಏನು ಮಾತು ಎಂದು ಬರೆಯಲಾರೆ.

ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಜೋಳ ಹಸನು ಮಾಡುತ್ತ ಕೂತಿದ್ದೆ. ಏಳಲು ಹೋದೆ.

ಸೀರೆ ತೊಯ್ದಿತ್ತು.

“ಇಳೀತೇನವಾ?” ಅಂತ ಅತ್ತೆ ಓಡಿಬಂದು ನನ್ನ ತಲೆ ಎದೆಗೆ ಒತ್ತಿಕೊಂಡರು. ಕೂಸು ಹೋಯಿತು ಎಂದೇ ಎಲ್ಲರೂ ತಿಳಿದೆವು. ಹತ್ತು ದಿನದ ಮೈಲಿಗೆ ಕಳೆದ ಮೇಲೆ ನನ್ನನ್ನು ಒಳಕೋಣೆಯ ಮಂಚದ ಮೇಲೆ ಬಾಣಂತಿಯ ಹಾಗೆ ಮಲಗಿಸಿದರು. ಎಣ್ಣೆ ನೀರು, ಅಂಟಿನ ಉಂಡಿ, ಒಣಶುಂಠಿ. ರಕ್ತ ಹೋಗುವುದು ಮಾತ್ರ ನಿಲ್ಲಲಿಲ್ಲ. ಹೊಟ್ಟೆಯೊಳಗಿನದೆಲ್ಲ ಹೋಗಲಿ ಅಂದಳು ಹುಸೇನಬಿ. ಊರ ವೈದ್ಯರು ಅಶೋಕದ ತೊಗಟೆಯ ಕಷಾಯ ಕೊಟ್ಟರು. ಐದು ದಿನ ನಿಂತಿತು, ಆರನೆಯ ದಿನ ದುಪ್ಪಟ್ಟಾಗಿ ಬಂತು. ಐದು ವಾರ ಕಳೆದವು. ಗೋಡೆ ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ಉಗುರು ಸುಣ್ಣದ ಹಾಗಾಗಿತ್ತು.

ನಾನು ಬಳಸುತ್ತಿದ್ದದ್ದು ಅಂಗಡಿಯಲ್ಲಿ ಉಳಿದ ಖಾಕಿಯ ತುಂಡುಗಳು. ಅವನ್ನು ಇವರೇ ಗಂಟು ಕಟ್ಟಿ ತರುತ್ತಿದ್ದರು.

“ಮೊನ್ನಿ ತಂದ ಗಂಟು ತೀರಿತೇನು?” ಎಂದು ಒಂದು ದಿನ ಕೇಳಿದರು.

“ತೀರೇತ್ರಿ.”

“ಮೊದಲು ಒಂದು ಗಂಟು ಮೂರು ತಿಂಗಳಾ ಬರತಿತ್ತಲ್ಲ.”

ಇಷ್ಟೇ ಮಾತು. ಮರುದಿನ ಬಾಗಿಲಿಗೆ ಟಾಂಗಾ ಬಂದು ನಿಂತಿತ್ತು.

ಹುಬ್ಬಳ್ಳಿಯ ಹೆಣ್ಣುಮಕ್ಕಳ ದವಾಖಾನೆಯ ಡಾಕ್ಟರಬಾಯಿ ಧಾರವಾಡದವರು. ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಆಮೇಲೆ, “ದಿನಕ್ಕ ಎಷ್ಟು ಅರಿವಿ ತೊಯ್ತಾವ? ಬಣ್ಣ ಹ್ಯಾಂಗಿರತದ?” ಎಂದರು.

“ಖಾಕಿ ಮ್ಯಾಲ ಬಣ್ಣ ಏನ ಕಾಣತೈತ್ರಿ?”

“ಅಯ್ಯ ನಮ್ಮವ್ವಾ! ಬಿಳೀ ಅರಿವಿ ಇಟ್ಕೋರಿ. ಎಷ್ಟು ಹೋಗಾಕತ್ತದ ಅನ್ನೂದು ನಿಮ್ಮ ಕಣ್ಣಿಗಾರ ಬೀಳಲಿ.”

ತಪಾಸಣೆ ಮಾಡಿ, ಕೈ ತೊಳೆದುಕೊಂಡು ಬಂದು ನನ್ನ ಎದುರಿಗೇ ಕೂತರು.

“ಕೂಸು ನಿಂತಿರಲೇ ಇಲ್ಲರಿ. ಇದು ಮುಟ್ಟು ನಿಲ್ಲೂ ಕಾಲ. ಅದರ ಜೋಡಿ ಗರ್ಭಚೀಲದಾಗ ಗಂಟು ಬೆಳದಾವ. ಸೂಲಗಿತ್ತಿ ಕೈಗೆ ಹತ್ತಿದ್ದು ಅವ.”

ಕೂಸು ಇರಲೇ ಇಲ್ಲ.

ಮನೆಗೆ ಬಂದು ಇವರು ಅತ್ತೆಗೆ ಹೇಳಿದರು. ಅತ್ತೆ ಒಳಕೋಣೆಗೆ ಹೋಗಿ ನನ್ನ ಹಾಸಿಗೆ ಸುತ್ತಿಟ್ಟರು.

“ಹಂಗಾರ ಇದು ಬರೇ ಮುಟ್ಟು. ಹೊರಗ ಕೂಡವಾ.”

ನಿನ್ನೆಯ ತನಕ ಬಾಣಂತಿ, ಇವತ್ತು ಗೋಣಿಚೀಲದ ಮೇಲೆ. ಹೋಗುತ್ತಿದ್ದ ರಕ್ತ ಅದೇ. ಅದರ ಹೆಸರು ಮಾತ್ರ ಬದಲಾಗಿತ್ತು. ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಆ ದಿನ ಅವರ ಮೊಮ್ಮಗುವೂ ಎರಡನೆಯ ಸಲ ಹೋಯಿತು. ಗೋಡೆಯ ಒಳಗೆ ಅವರು ಅಳುವುದು ಗೋಡೆಯ ಹೊರಗೆ ನನಗೆ ಕೇಳಿಸುತ್ತಿತ್ತು.

ಈಗ ಔಷಧದ ಮಾತು, ಯಾರಿಗಾದರೂ ಉಪಯೋಗ ಬಿದ್ದೀತು. ಮೊದಲು ರಕ್ತ ಕಟ್ಟಲಿಕ್ಕೆ ಇಂಜೆಕ್ಷನ್ ಮತ್ತು ಕುಡಿಯುವ ಔಷಧ. ಮೈಗೆ ರಕ್ತ ಬರಲೆಂದು ಕಬ್ಬಿಣದ ಟಾನಿಕ್, ಅದನ್ನು ಕುಡಿದು ಹಲ್ಲು ಕಪ್ಪಾದವು. ಅಷ್ಟಕ್ಕೆ ಬಗ್ಗಲಿಲ್ಲ. ಆಮೇಲೆ ಕ್ಲೋರೋಫಾರ್ಮ್ ಕೊಟ್ಟು ಗರ್ಭಚೀಲದ ಒಳಗನ್ನು ಕೆರೆದರು. ಕೆರೆದದ್ದನ್ನು ಕ್ಯಾನ್ಸರ್ ಇದೆಯೇ ನೋಡಲು ಮುಂಬಯಿಗೆ ಕಳಿಸಿದರು. ಉತ್ತರ ಬರುವ ತನಕ ನಾವು ಮೂವರೂ ಉಂಡದ್ದು ಮೈಗೆ ಹತ್ತಲಿಲ್ಲ. ಇಲ್ಲವೆಂದು ಬಂತು. ಒಂದು ತಿಂಗಳು ನೆಮ್ಮದಿ. ಮತ್ತೆ ಶುರು.

“ಮುಂಬಯಿಗೆ ಹೋದ್ರ ರಕ್ತ ನಿಲ್ಲಲಿ ಅಂತ ಗರ್ಭಚೀಲದಾಗ ರೇಡಿಯಂ ಇಡ್ತಾರ,” ಅಂದರು ಡಾಕ್ಟರಬಾಯಿ. “ಆದ್ರ ಇಷ್ಟು ದೊಡ್ಡ ಗಂಟಿಗೆ ಅದು ನನ್ನ ಮನಸಿಗೆ ಬರೂದಿಲ್ಲ. ಸುಮ್ಮನ ಕೂತ್ರೂ ವರ್ಷೆರಡು ವರ್ಷಕ್ಕ ತಾನ ನಿಂತೀತು. ಅಲ್ಲೀತನ ನಿಮ್ಮ ಮೈಯಾಗ ರಕ್ತ ಉಳೀಬೇಕಲ್ಲ? ಆಪರೇಷನ್ ಮಾಡಿ ಚೀಲ ತಗಸೂದು ಛಲೋ. ಅದ್ರಾಗೂ ಜೀವಕ್ಕ ಅಪಾಯ ಇಲ್ಲ ಅಂತ ನಾ ಸುಳ್ಳು ಹೇಳೂದಿಲ್ಲ.”

ನಾನು ಕೇಳಿದ್ದೇನು ಗೊತ್ತೇ? “ತಗದ್ರ ಮುಂದ ನನಗ ಮಕ್ಕಳಾಗೂದಿಲ್ಲಲ್ರಿ?”

ನಲವತ್ತನಾಲ್ಕು ವರ್ಷದವಳ ಪ್ರಶ್ನೆ. ನರ್ಸ್ ನಗು ತಡೆಯಲು ಮುಖ ತಿರುವಿದಳು. ಡಾಕ್ಟರಬಾಯಿ ನಗಲಿಲ್ಲ. “ಇಲ್ಲ,” ಅಂದರು. “ತಗೀದಿದ್ರೂ ಆಗೂದಿಲ್ಲ.”

ಇಪ್ಪತ್ತೆಂಟು ವರ್ಷದಲ್ಲಿ ನನಗೆ ಯಾರೂ ಹಾಗೆ ನೇರವಾಗಿ ಹೇಳಿರಲಿಲ್ಲ. ಮುಂದಿನ ವರ್ಷ ಆದೀತು, ದೇವರು ಕೊಟ್ಟಾನು, ಇದೇ ಮಾತು. ಆಸೆ ಅನ್ನುವುದು ಕೂಡ ರಕ್ತ ಹೋಗುವಂಥ ರೋಗವೇ. ತಡೆಯದಿದ್ದರೆ ದಿನಾ ಸ್ವಲ್ಪ ಸ್ವಲ್ಪ ನಮ್ಮನ್ನೇ ಒಯ್ಯುತ್ತದೆ.

ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. “ಚೀಲಾನ ತಗಸಿದ ಮ್ಯಾಲ ಏನ ಉಳೀತೋ ಯಪ್ಪಾ?” ಎಂದು ಮಗನನ್ನು ಕೇಳಿದರು.

ಇವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ಇಕಿ ಉಳೀತಾಳಲ್ಲ, ಅವ್ವಾ,” ಅಂದರು.

ಆಪರೇಷನ್ ಆಯಿತು. ಹೊಲಿಗೆ ಕೀವಾಗಿ ಜ್ವರ ಬಂತು. ತಿಂಗಳ ಮೇಲೆ ವಾರ್ಡಿನಲ್ಲಿದ್ದೆ. ತೆಗೆದದ್ದನ್ನು ನಾನು ನೋಡಲೇಬೇಕೆಂದು ಹಟ ಹಿಡಿದಿದ್ದೆ, ತೋರಿಸಿದರು. ತಗಡಿನ ಬಟ್ಟಲಲ್ಲಿ ತೆಂಗಿನಕಾಯಿಯಷ್ಟು ದಪ್ಪ, ಗಂಟು ಗಂಟು.

“ಇದರ ಸಲುವಾಗಿನ ನನಗ ಮಕ್ಕಳಾಗಲಿಲ್ಲೇನ್ರಿ?”

“ಹೇಳಾಕ ಬರೂದಿಲ್ಲರಿ. ಇರಬಹುದು, ಇರಲಿಕ್ಕಿಲ್ಲ.”

ಹೌದು ಅಂದಿದ್ದರೆ ಅತ್ತೆಗೆ ಹೋಗಿ ಹೇಳಬಹುದಿತ್ತು, ಬಂಜೆ ಎಂದವರಿಗೆಲ್ಲ ಹೇಳಬಹುದಿತ್ತು. ಅನ್ನಲಿಲ್ಲ. ಅದಕ್ಕೇ ಡಾಕ್ಟರಬಾಯಿಯ ಉಳಿದ ಮಾತೆಲ್ಲ ನಂಬುತ್ತೇನೆ.

ಆಪರೇಷನ್ ಆಗಿ ಈಗ ಐದು ತಿಂಗಳು. ತಲೆ ತಿರುಗುವುದಿಲ್ಲ. ತುಂಬಿದ ಕೊಡ ಎತ್ತಬಾರದಂತೆ, ಅತ್ತೆಯೇ ಎತ್ತುತ್ತಾರೆ. “ಹನ್ನೆರಡೂ ತಿಂಗಳಾ ಒಳಗ ಇರತಿ, ಪುಣ್ಯಾ ಮಾಡೀದಿ,” ಎಂದು ಚುಚ್ಚುತ್ತಾರೆ, ರೊಟ್ಟಿಯನ್ನೂ ಹಾಕುತ್ತಾರೆ. ಬದುಕಿದ್ದೇನೆ. ಇದು ಸಣ್ಣ ಮಾತಲ್ಲ.

ಆದರೆ ಒಂದು ಮಾತು ಯಾರೊಡನೆ ಆಡಲಿ? ಸತ್ತದ್ದು ಏನೂ ಇಲ್ಲ ಅಂದರು, ಆದ್ದರಿಂದ ದುಃಖಕ್ಕೆ ಮಾತಾಡಿಸಲು ಯಾರೂ ಬರಲಿಲ್ಲ. ನನ್ನ ಪಾಲಿಗೆ ಮಾತ್ರ ಒಂದು ಕೂಸು ಹೋಗಿದೆ. ಅದರೊಡನೆ ನಾನು ಮಾತಾಡಿದ್ದೇನೆ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಬರೆಯಿರಿ. ಹೆಸರು ಬೇಡ, ಊರೂ ಬೇಡ. ಅಕ್ಷರ ಬಾರದವರು ನಿಮಗೆ ಇದನ್ನು ಓದಿ ಹೇಳುತ್ತಿರುವವರ ಕೈಯಿಂದ ಬರೆಸಿರಿ. ಯಾವ ಔಷಧ ಹತ್ತಿತು, ಯಾವುದು ಹತ್ತಲಿಲ್ಲ, ಬರೆಯಿರಿ. ಎಷ್ಟು ದಿನ ತಾಯಿಯಾಗಿದ್ದಿರಿ, ಅದನ್ನೂ ಬರೆಯಿರಿ. ನಾನು ಮೂರು ತಿಂಗಳು.